ಹಳೇ ಸೇಂದಿ ಅಂಗಡಿಗೆ ಸಿಮೆಂಟ್ ಬಳಿಯಬಹುದಾ?

ಪ್ರಶ್ನೆ: ನಮ್ಮೂರಲ್ಲಿ ಹೊಳೆ ದಾರಿಗೆ ಹಳೇ ಇಟ್ಟಿಗೆ ಕಟ್ಟಡ ಇದೆ. ಹಿಂದೆ ಸೇಂದಿ, ಸಾರಾಯಿ ಅಂಗಡಿ ಆಗಿತ್ತಂತೆ. ಎಷ್ಟು ಹಳೆಯದು ಅಂತ ತಿಳಿಯೋದು ಹೇಗೆ? ಗೋಡೆಗೆ ಸಿಮೆಂಟ್ ಬಳಿಸಿ ಭತ್ತದ ಗೋದಾಮು ಮಾಡೋಣ ಅಂತ ಮನೆಯವರ ಯೋಚನೆ.
– ಓದುಗರು, ಸಿರುಗುಪ್ಪ ತಾಲ್ಲೂಕು

ಉತ್ತರ: ಗೋದಾಮು ಮಾಡಿ. ಸಿಮೆಂಟ್ ಮಾತ್ರ ಬೇಡ, ದಯವಿಟ್ಟು.

ಬಳ್ಳಾರಿ ಸೀಮೆಯನ್ನು ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ತುಂಗಭದ್ರಾ ಹೊಳೆಯ ಈ ದಡ ಮದ್ರಾಸಿಗೆ, ಆ ದಡದ ರಾಯಚೂರು ಹೈದರಾಬಾದಿಗೆ. ಎರಡೂ ಕಡೆ ಅಬಕಾರಿ ಸರ್ಕಾರಕ್ಕೆ ದೊಡ್ಡ ಆದಾಯ. ಅಂಗಡಿ ಹಕ್ಕನ್ನು ಹರಾಜು ಹಾಕುತ್ತಿದ್ದರು, ಕೂಗಿ ಹಿಡಿದ ಗುತ್ತಿಗೆದಾರ ಮಾರುತ್ತಿದ್ದ. 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಬಂತು. ಹಾಗಾಗಿ ಕಟ್ಟಡ ಅಂಗಡಿಗೆಂದೇ ಎದ್ದಿದ್ದರೆ ಒಂದೋ ಅದಕ್ಕೂ ಮೊದಲಿನದು, ಇಲ್ಲಾ ನಿಷೇಧ ಎತ್ತಿದ ಮೇಲಿನದು. ಸಾರಾಯಿಯಂತೂ 2007ರ ಜುಲೈ 1ರಿಂದ ರಾಜ್ಯದಲ್ಲೇ ಬಂದ್.

ಯಾವ ಕಾಲದ್ದು ಅಂತ ಗೋಡೆಯನ್ನೇ ಕೇಳಿ. ಮೊಳೆಯಿಂದ ಇಟ್ಟಿಗೆ ಸಂದನ್ನು ಸ್ವಲ್ಪ ಕೆರೆಯಿರಿ. ಬೂದು ಬಣ್ಣ, ಗಟ್ಟಿ ಅಂದ್ರೆ ಸಿಮೆಂಟ್, ಬಹುಶಃ ಈಚಿನದು. ಬಿಳಿ ಪುಡಿ ಉದುರಿದರೆ ಹಳೇ ಕಾಲದ ಸುಣ್ಣದ ಗಾರೆ, ಅದರಲ್ಲಿ ಕೆಂಪು ಚೂರು ಕಂಡರೆ ಸುರ್ಕಿ, ಅಂದ್ರೆ ಇಟ್ಟಿಗೆ ಪುಡಿ, ಬೆರೆಸಿದ್ದಾರೆ. ಆಮೇಲೆ ಇಟ್ಟಿಗೆಯ ವರಸೆ, ಅಂದ್ರೆ ಸಾಲು, ನೋಡಿ. ಒಂದರಲ್ಲಿ ಇಟ್ಟಿಗೆಯ ಉದ್ದ ಮೈ, ಅದರ ಮೇಲಿನದರಲ್ಲಿ ಬರೀ ತುದಿ, ಮತ್ತೆ ಉದ್ದ ಮೈ, ಹೀಗಿದ್ದರೆ ಅದು ಇಂಗ್ಲಿಷ್ ಬಾಂಡ್, ಬ್ರಿಟಿಷರ ಕಾಲದ ಕಟ್ಟಡಗಳಲ್ಲಿ ಜಾಸ್ತಿ ಕಾಣುವ ಕಟ್ಟು. ತಲೆ ಎತ್ತಿ ಚಾವಣಿಯನ್ನೂ ನೋಡಿ. ನಮ್ಮ ಕಡೆ ಹಳೇ ಮನೆ ಅಂದ್ರೆ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಲ್ವಾ? ಅದರ ಬದಲು ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ್ದರೆ ಅದು ಮದ್ರಾಸ್ ತಾರಸಿ. ಸೇಂದಿ ಮಾರೋಕೆ ಇಷ್ಟು ಖರ್ಚು ಮಾಡಿದ್ದಾರೆ ಅಂದ್ರೆ ಅಲ್ಲಿ ವ್ಯಾಪಾರ ಎಷ್ಟಿರಬೇಕು! ಇಂಥದ್ದನ್ನು ಮುಚ್ಚಿಹಾಕಬೇಡಿ.

ಉಪನೋಂದಣಿ ಕಚೇರಿಯಲ್ಲಿ ಅಕ್ಕಪಕ್ಕದ ಜಾಗಗಳ ಹಳೇ ಕ್ರಯಪತ್ರವನ್ನೂ ಹುಡುಕಿಸಿ. ಚಕ್ಕುಬಂದಿಯಲ್ಲಿ, ಅಂದ್ರೆ ಜಾಗದ ನಾಲ್ಕು ಕಡೆ ಏನಿದೆ ಅಂತ ಬರೆದ ಕಡೆ, 'ಪೂರ್ವಕ್ಕೆ ಸೇಂದಿ ಅಂಗಡಿ' ಅಂತ ಸಿಕ್ಕಿದರೆ ತಾರೀಖು ಸಮೇತ ಸಾಕ್ಷಿ ಸಿಕ್ಕಂತೆ.

ಇನ್ನು ಸಿಮೆಂಟ್ ವಿಚಾರ. ಗಾರೆ ಗೋಡೆ ತೇವ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು, ಉಪ್ಪು ಕಟ್ಟಿ, ಇಟ್ಟಿಗೆಯೇ ಪುಡಿಪುಡಿ ಆಗುತ್ತದೆ. ನಿಮ್ಮದು ಎರೆ ನೆಲ ಬೇರೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಆ ಅಲುಗಾಟವನ್ನು ಗಾರೆ ಒಂದಿಷ್ಟು ತಾಳಿಕೊಳ್ಳುತ್ತದೆ, ಸಿಮೆಂಟ್ ಸೀಳುತ್ತದೆ. ಮೊದಲು ತಾರಸಿ ನೀರು ಗೋಡೆಗೆ ಇಳಿಯದಂತೆ ಮಾಡಿಸಿ, ಸಂದುಗಳಿಗೆ ಗಾರೆಯನ್ನೇ ತುಂಬಿಸಿ. ಭತ್ತದ ಚೀಲಗಳನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ, ಗಾಳಿಯಾಡಲು ಜಾಗ ಬಿಡಿ.