ಯಾರಿಗೂ ಗೊತ್ತಾಗದ ಹಾಗೆ ಕುಡಿತ ಬಿಡಬಹುದಾ?

ಮನೆಯಲ್ಲಿ, ಆಫೀಸಿನಲ್ಲಿ ಯಾರಿಗೂ ಸುಳಿವು ಸಿಗದ ಹಾಗೆ ಕುಡಿತ ಬಿಡಬೇಕು, ನಾಳೆಯಿಂದಲೇ ಪೂರ್ತಿ ನಿಲ್ಲಿಸಲಾ ಅಂತ ಕೇಳಿದ್ದೀರಿ. ಗುಟ್ಟಾಗಿ ಬಿಡಬಹುದು. ಆದರೆ ದಿನಾ ಜಾಸ್ತಿ ಕುಡಿಯುವವರು ಒಬ್ಬರೇ ಬಾಗಿಲು ಹಾಕಿಕೊಂಡು ದಿಢೀರ್ ಅಂತ ನಿಲ್ಲಿಸಬಾರದು. ನಾನು ಹಾಗೇ ಮಾಡಿದ್ದೆ. ಮಾರನೇ ಬೆಳಗ್ಗೆ ನೀರಿನ ಲೋಟ ಎತ್ತಿದರೆ ಕೈ ನಡುಗಿ ಅರ್ಧ ನೀರು ಅಂಗಿ ಮೇಲೆ. ನನ್ನದು ಅಷ್ಟಕ್ಕೇ ಮುಗಿಯಿತು. ಕೆಲವರಿಗೆ ಮೊದಲ 2 ದಿನದೊಳಗೆ ಫಿಟ್ಸ್ ಬರುತ್ತದೆ. 2-3ನೇ ದಿನ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಜೀವಕ್ಕೇ ಅಪಾಯವಾಗಬಹುದು.

ಹಾಗಾಗಿ ಮೊದಲು ಡಾಕ್ಟರ್. ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ (ನಾನು ಅರ್ಧ ಹೇಳಿದ್ದೆ, ಪೆದ್ದುತನ). ಔಷಧಿ ಎಷ್ಟು ಕೊಡಬೇಕು ಅನ್ನೋದು ಅದರ ಮೇಲೆ ನಿಂತಿರುತ್ತದೆ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ವೃತ್ತಿಯ ನಿಯಮ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ ನಿಮಗೆ ಹೊಂದುತ್ತದಾ ಅಂತಲೂ ಕೇಳಿ.

ಮಾತಾಡೋಕೆ ಜನ ಬೇಕು ಅನಿಸಿದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಗುಂಪು. 1935ರಲ್ಲಿ ಶುರುವಾದದ್ದು, ಹೆಸರಿನಲ್ಲೇ ಗುಟ್ಟಿದೆ (ಅನಾನಿಮಸ್ ಅಂದರೆ ಹೆಸರು ಹೇಳದವರು). ಫೀಸಿಲ್ಲ, ಪೂರ್ತಿ ಹೆಸರೂ ಹೇಳಬೇಕಿಲ್ಲ. ಆನ್‌ಲೈನ್ ಸಭೆಗಳೂ ನಡೆಯುತ್ತವೆ. ನಾನು ಮೊದಲ ಕೆಲವು ವಾರ ಕ್ಯಾಮೆರಾ ಆಫ್ ಮಾಡಿ ಸುಮ್ನೆ ಕೇಳಿಸಿಕೊಳ್ಳುತ್ತಿದ್ದೆ, ಇಯರ್‌ಫೋನ್ ಹಾಕಿಕೊಂಡು.

ಇನ್ನು ಪಾರ್ಟಿಯಲ್ಲಿ ಒತ್ತಾಯ ಮಾಡುವವರಿಗೆ "ಮಾತ್ರೆ ತಗೊಳ್ತಿದ್ದೀನಿ, ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ. ಸುಳ್ಳೂ ಅಲ್ಲ, ಅಲ್ವಾ?