ಸಂಪಾದಕರ ಉತ್ತರ: ಒಂದು ಗುಳಿಗೆಗೆ ಎಷ್ಟು ಹೆಸರು?

ಹೊನ್ನಾವರದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಕಳೆದ ಸಂಚಿಕೆಯ ಆರೋಗ್ಯ ಅಂಕಣದಲ್ಲಿ, ಎಚ್‌ಐವಿಗೆ ಕೊಡುವ ಟೆನೊಫೊವಿರ್ ಔಷಧವನ್ನು 'ಅಮೆರಿಕದ ಕಂಪನಿಯೊಂದು ಕಂಡುಹಿಡಿಯಿತು' ಎಂದು ಬರೆದಿದ್ದೀರಿ. ಕಂಪನಿಗೆ ಕಣ್ಣಿದೆಯೇ, ಕೈಯಿದೆಯೇ? ನಾನು ಊರಿನ ಮಕ್ಕಳನ್ನು ರಸಪ್ರಶ್ನೆಗೆ ತಯಾರು ಮಾಡುತ್ತಿದ್ದೇನೆ. ನನಗೆ ಒಬ್ಬರ ಹೆಸರು ಬೇಕು. ಇನ್ನೊಂದು ಮಾತು. ನನ್ನ ಮೊಮ್ಮಗಳು ವೈರಾಣು ವಿಜ್ಞಾನ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಲಸಿಕೆ ಮಾಡುವವರ ಕೆಲಸ ಅರ್ಥವಾಗುತ್ತದೆ. ಉಳಿದವರು ನಲವತ್ತು ವರ್ಷ ಕುಳಿತು ಮಾಡುವುದೇನು?"

ಮಾನ್ಯ ಮೇಷ್ಟ್ರೇ,

ತಪ್ಪು ನಮ್ಮದೇ. ಆ ವಾಕ್ಯ ನನ್ನ ಮೇಜಿನ ಮೇಲಿಂದಲೇ ಹಾದುಹೋಯಿತು, ನಾನು ಅಲ್ಲೊಂದು ಅಲ್ಪವಿರಾಮ ಸರಿಪಡಿಸಿ ಮುಂದೆ ಕಳುಹಿಸಿದೆ. ನಿಮ್ಮ ಪತ್ರ ಬಂದ ಮೇಲೆ ಒಂದು ವಾರ ಇದನ್ನೇ ಓದುತ್ತ ಕುಳಿತೆ. ಒಬ್ಬರ ಹೆಸರು ಸಿಗಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಒಳ್ಳೆಯ ಉತ್ತರ ಸಿಕ್ಕಿತು, ಅದರಿಂದಲೇ ಶುರು ಮಾಡುತ್ತೇನೆ.

ಆ ಉತ್ತರ ಎರಿಕ್ ಡೆ ಕ್ಲೆರ್ಕ್ ಎಂಬ ವೈರಾಣು ವಿಜ್ಞಾನಿಯ ಬದುಕಿನಲ್ಲಿದೆ. ಅವರು ಹುಟ್ಟಿದ್ದು 1941ರಲ್ಲಿ, ಬೆಲ್ಜಿಯಂನ ಡೆಂಡರ್ಮಾಂಡೆ ಎಂಬ ಊರಿನಲ್ಲಿ. ಓದಿದ್ದು ವೈದ್ಯಕೀಯ. ಲ್ಯೂವೆನ್ ವಿಶ್ವವಿದ್ಯಾಲಯದ ರೇಗಾ ಸಂಸ್ಥೆಯಲ್ಲಿ ಸಂಶೋಧನೆಗೆ ಕುಳಿತವರು, ನಡುವೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿಬಂದದ್ದು ಬಿಟ್ಟರೆ, ಮತ್ತೆ ಅಲ್ಲಿಂದ ಏಳಲಿಲ್ಲ. ಅವರು ಕೆಲಸ ಆರಂಭಿಸಿದಾಗ ವೈರಾಣುವಿಗೆ ಔಷಧವೇ ಸಾಧ್ಯವಿಲ್ಲ ಎಂಬ ಮಾತು ಗಟ್ಟಿಯಾಗಿತ್ತು. ಬ್ಯಾಕ್ಟೀರಿಯಾ ನಮ್ಮ ದೇಹದೊಳಗೆ ಬೇರೆ ಒಲೆ ಹೂಡಿಕೊಂಡು ಬದುಕುವ ಬಾಡಿಗೆದಾರ, ಆ ಒಲೆಯನ್ನು ಮಾತ್ರ ಆರಿಸಬಹುದು. ವೈರಾಣು ನಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತದೆ. ಅದನ್ನು ಆರಿಸಿದರೆ ಮನೆಯವರೂ ಉಪವಾಸ.

ರೆಟ್ರೊವೈರಸ್‌ಗಳು ಮಾತ್ರ ಒಂದು ಪಾತ್ರೆಯನ್ನು ತಾವೇ ಹೊತ್ತು ತರುತ್ತವೆ. ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ಪಾಠವನ್ನು ನೀವು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೀರೋ. ಈ ವೈರಾಣುಗಳಲ್ಲಿ ಬಾಣದ ಗುರುತು ತಿರುಗುಮುರುಗು. ತಮ್ಮ ಆರ್‌ಎನ್‌ಎಯನ್ನು ಅವು ಡಿಎನ್‌ಎಯಾಗಿ ನಕಲು ಮಾಡಿ ನಮ್ಮ ವರ್ಣತಂತುಗಳೊಳಗೆ ಸೇರಿಸಿಬಿಡುತ್ತವೆ. ಆ ನಕಲುಗಾರ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಅದನ್ನು ಬೇರೆ ಬೇರೆಯಾಗಿ ಕಂಡರು, 1975ರಲ್ಲಿ ನೊಬೆಲ್ ಪಡೆದರು.

1979ರಲ್ಲಿ ಡೆ ಕ್ಲೆರ್ಕ್ ಒಂದು ಚಿಕ್ಕ ಲೇಖನ ಬರೆದರು. ಆಫ್ರಿಕಾದ ನಿದ್ರಾರೋಗಕ್ಕೆ 1920ರ ದಶಕದಿಂದ ಕೊಡುತ್ತಿದ್ದ ಸುರಾಮಿನ್ ಎಂಬ ಹಳೆಯ ಔಷಧ, ಪ್ರಾಣಿಗಳಲ್ಲಿ ಗೆಡ್ಡೆ ತರುವ ರೆಟ್ರೊವೈರಸ್‌ಗಳ ಈ ಕಿಣ್ವವನ್ನು ತಡೆಯುತ್ತದೆ ಎಂಬುದು ಅದರ ವಿಷಯ. ಅದನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕಿತ್ತು? ಏಡ್ಸ್ ಎಂಬ ಕಾಯಿಲೆಯ ಮೊದಲ ವರದಿ ಅಚ್ಚಾಗಲು ಇನ್ನೂ 2 ವರ್ಷವಿತ್ತು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಆ ಕಾಯಿಲೆಯ ವೈರಾಣುವನ್ನು, ಅಂದರೆ ಎಚ್‌ಐವಿಯನ್ನು, ಹಿಡಿದಾಗ ಅದು ರೆಟ್ರೊವೈರಸ್ ಎಂದು ಗೊತ್ತಾಯಿತು. ಆಗ ಅಮೆರಿಕದ ವಿಜ್ಞಾನಿಗಳು ಲ್ಯೂವೆನ್‌ನ ಆ ಹಳೆಯ ಲೇಖನ ಹುಡುಕಿ ತೆಗೆದು ಸುರಾಮಿನ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಫಲವಿಲ್ಲ, ಬದಲಿಗೆ ನಂಜು. ಆದರೂ ಯಾವ ಬಾಗಿಲು ಬಡಿಯಬೇಕೆಂಬುದು ತಿಳಿದಿತ್ತು. ಕ್ಯಾನ್ಸರ್‌ಗೆಂದು 1964ರಲ್ಲಿ ತಯಾರಾಗಿ ಮೂಲೆ ಸೇರಿದ್ದ ಎಜಡ್‌ಟಿ ಎಂಬ ರಾಸಾಯನಿಕ 1987ರಲ್ಲಿ ಎಚ್‌ಐವಿಯ ಔಷಧವಾಗಿ ಅದೇ ಬಾಗಿಲಿನಿಂದ ಒಳಬಂದಿತು.

ಪ್ರಯೋಗಾಲಯದಲ್ಲಿ ಇವರ ದಿನಚರಿ ಏನೆಂದು ಮೊಮ್ಮಗಳಿಗೆ ಹೇಳಬೇಕಲ್ಲವೇ? ನಿಮ್ಮ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಪಡ್ಡಿನ ಕಾವಲಿಯಂತೆ 96 ಪುಟ್ಟ ಗುಳಿಗಳು. ಗುಳಿಗಳಿಗೆ ಮನುಷ್ಯನ ಬಿಳಿರಕ್ತಕಣದ ಜಾತಿಯ ಜೀವಕೋಶಗಳನ್ನು ಹಾಕುತ್ತಾರೆ. ಪರೀಕ್ಷಿಸಬೇಕಾದ ರಾಸಾಯನಿಕವನ್ನು ಒಂದರಿಂದ ಇನ್ನೊಂದಕ್ಕೆ ತೆಳುವಾಗಿಸುತ್ತ ಬಿಡುತ್ತಾರೆ. ಅರ್ಧ ಗುಳಿಗಳಿಗೆ ಎಚ್‌ಐವಿ, ಅರ್ಧಕ್ಕಿಲ್ಲ. ಐದು ದಿನ ಬೆಚ್ಚಗೆ ಇಟ್ಟು ಹಳದಿ ಬಣ್ಣದ ದ್ರಾವಣವೊಂದನ್ನು ಹನಿಸುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆಯಾಗಿಸುತ್ತದೆ, ಸತ್ತ ಕೋಶ ಏನೂ ಮಾಡುವುದಿಲ್ಲ. ರೇಗಾ ಸಂಸ್ಥೆಯ ತಂಡ 1988ರಲ್ಲಿ ಪ್ರಕಟಿಸಿದ ಕ್ರಮವಿದು. ವೈರಾಣು ಹಾಕಿದ ಗುಳಿಯೂ ನೇರಳೆ, ಹಾಕದ ಗುಳಿಯೂ ನೇರಳೆ ಎಂದಾದರೆ ಆ ದಿನ ಕಾಫಿ ರುಚಿಸುತ್ತದೆ. ಎರಡೂ ಹಳದಿಯಾಗಿಯೇ ಉಳಿದರೆ ನೀವು ಕಂಡುಹಿಡಿದದ್ದು ವಿಷ. ವೈರಾಣುವನ್ನು ಬ್ಲೀಚಿಂಗ್ ಪೌಡರೂ ಕೊಲ್ಲುತ್ತದೆ, ಅದು ದೊಡ್ಡ ಸಂಗತಿಯಲ್ಲ. ಕೋಶವನ್ನು ಉಳಿಸಿ ಕೊಲ್ಲಬೇಕು. ಈ ಜರಡಿ ಹಿಡಿಯುವ ಕೆಲಸದಲ್ಲಿ ಹೆಚ್ಚಿನ ದಿನಗಳು ಹಳದಿ ದಿನಗಳೇ.

ಜರಡಿಗೆ ಸುರಿಯಲು ಕಾಳು ಬೇಕು. ಅದು ಬಂದದ್ದು ಪ್ರಾಗ್‌ನಿಂದ. ಅಲ್ಲಿನ ಸಾವಯವ ರಸಾಯನ ಮತ್ತು ಜೀವರಸಾಯನ ಸಂಸ್ಥೆಯಲ್ಲಿದ್ದ ಆಂಟೊನಿನ್ ಹೋಲಿ (ನಮ್ಮ ಬಣ್ಣದ ಹಬ್ಬಕ್ಕೂ ಇವರಿಗೂ ಸಂಬಂಧವಿಲ್ಲ) ಮತ್ತು ಡೆ ಕ್ಲೆರ್ಕ್ ಭೇಟಿಯಾದದ್ದು 1976ರಲ್ಲಿ, ಜರ್ಮನಿಯ ಗಟ್ಟಿಂಗೆನ್‌ನ ಒಂದು ವಿಚಾರ ಸಂಕಿರಣದಲ್ಲಿ. ಯುರೋಪಿನ ನಡುವೆ ಕಬ್ಬಿಣದ ಪರದೆ ಬಿದ್ದಿದ್ದ ಕಾಲ. ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಪುಡಿ ತಯಾರಿಸುವುದು, ಬೆಲ್ಜಿಯಂನ ವೈರಾಣು ವಿಜ್ಞಾನಿ ಅದನ್ನು ಪರೀಕ್ಷಿಸುವುದು. ಈ ಏರ್ಪಾಡು ಮುಂದೆ ಮೂರು ದಶಕ ಮೀರಿ ನಡೆಯಿತು.

ಹೋಲಿಯವರ ಉಪಾಯ ನನಗೆ ಬಹಳ ಹಿಡಿಸಿತು. ಡಿಎನ್‌ಎ ಒಂದು ಮಣಿಸರ. ಎರಡೂ ಕಡೆ ತೂತಿರುವ ಮಣಿಯನ್ನಷ್ಟೇ ಪೋಣಿಸುತ್ತ ಹೋಗಬಹುದು. ಒಂದೇ ಕಡೆ ತೂತಿರುವ ನಕಲಿ ಮಣಿಯನ್ನು ವೈರಾಣುವಿನ ಕಿಣ್ವ ತಿಳಿಯದೆ ಎತ್ತಿಕೊಂಡರೆ ಸರ ಅಲ್ಲಿಗೇ ನಿಂತಿತು. ಆದರೆ ಪೋಣಿಸುವ ಮೊದಲು ಮಣಿಗೆ ಮೂರು ಫಾಸ್ಫೇಟ್‌ಗಳ ಬಾಲ ಬೇಕು, ಅದನ್ನು ಕಟ್ಟುವುದು ನಮ್ಮ ಜೀವಕೋಶದ ಕೆಲಸ. ಎಷ್ಟೋ ನಕಲಿ ಮಣಿಗಳಿಗೆ ಮೊದಲ ಗಂಟನ್ನೇ ಕೋಶ ಹಾಕುವುದಿಲ್ಲ. ಹೋಲಿ ಆ ಮೊದಲ ಗಂಟನ್ನು ತಾವೇ ಹಾಕಿದರು. ಅದೂ ಮಾಮೂಲಿ ದಾರದಲ್ಲಿ ಅಲ್ಲ. ರಂಜಕವನ್ನು ಇಂಗಾಲಕ್ಕೆ ನೇರವಾಗಿ ಬೆಸೆದುಬಿಟ್ಟರು, ದೇಹದ ಕಿಣ್ವಗಳು ಕತ್ತರಿಸಲಾಗದಂತೆ. ಇದರ ಮೊದಲ ಫಲ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು. ಆ ಕುಟುಂಬದ ಟೆನೊಫೊವಿರ್ ಎಚ್‌ಐವಿಯನ್ನು ತಡೆಯುತ್ತದೆಂದು ಇದೇ ಬಳಗ 1993ರಲ್ಲಿ ತೋರಿಸಿತು.

ಹಾಗಾದರೆ ಅಮೆರಿಕದ ಕಂಪನಿ ಮಾಡಿದ್ದೇನು? ಕಡಿಮೆಯೇನಲ್ಲ. ಜಾನ್ ಮಾರ್ಟಿನ್ ಎಂಬ ರಸಾಯನ ವಿಜ್ಞಾನಿ ಮೊದಲು ತಾವಿದ್ದ ದೊಡ್ಡ ಕಂಪನಿಗೆ ಈ ಔಷಧಗಳ ಹಕ್ಕು ಕೊಡಿಸಿದ್ದರು. ಆ ಕಂಪನಿ ಇನ್ನೊಂದರ ಜೊತೆ ವಿಲೀನವಾದ ಮೇಲೆ ಆಸಕ್ತಿ ಆರಿತು. ಮಾರ್ಟಿನ್ 1990ರಲ್ಲಿ ಗಿಲಿಯಡ್ ಎಂಬ ಪುಟ್ಟ ಸಂಸ್ಥೆ ಸೇರಿ, ಹಕ್ಕುಗಳನ್ನು ಅಲ್ಲಿಗೆ ತಂದರು. ಟೆನೊಫೊವಿರ್ ಹಾಗೆಯೇ ನುಂಗಿದರೆ ಕರುಳು ಅದನ್ನು ಒಳಕ್ಕೆ ಬಿಡದು, ಮೈತುಂಬ ಋಣ ವಿದ್ಯುದಂಶ. ಅದಕ್ಕೊಂದು ಮುಸುಕು ಹೊದಿಸಿ, ರಕ್ತಕ್ಕೆ ಇಳಿದ ಮೇಲೆ ಮುಸುಕು ಕಳಚುವಂತೆ ಮಾಡಿದ್ದು ಗಿಲಿಯಡ್‌ನವರು. ಅದೇ ನಮ್ಮ ಔಷಧದ ಚೀಟಿಗಳಲ್ಲಿ ಕಾಣುವ 'ಡೈಸೊಪ್ರೊಕ್ಸಿಲ್'. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರ ಅಕ್ಟೋಬರ್‌ನಲ್ಲಿ.

ಈ ಮನೆಯ ಹಿರಿಯಣ್ಣ ಅಡೆಫೊವಿರ್‌ನ ಕಥೆಯನ್ನೂ ಹೇಳಬೇಕು. ಎಚ್‌ಐವಿಗೆ ಬೇಕಾದ ದೊಡ್ಡ ಪ್ರಮಾಣದಲ್ಲಿ ಅದು ಮೂತ್ರಪಿಂಡವನ್ನು ಕೆಡಿಸಿತು, 1999ರಲ್ಲಿ ಅಮೆರಿಕದ ತಜ್ಞರ ಸಮಿತಿ ಬೇಡವೆಂದಿತು. ಅದೇ ಔಷಧ ದಿನಕ್ಕೆ 10 ಮಿಲಿಗ್ರಾಂನಲ್ಲಿ ಹೆಪಟೈಟಿಸ್ ಬಿಗೆ 2002ರಲ್ಲಿ ಒಪ್ಪಿತವಾಯಿತು. ಡೆ ಕ್ಲೆರ್ಕ್ ಅವರ ವೃತ್ತಿಜೀವನದ ಉದ್ದಕ್ಕೂ ಇಂಥವೇ. ಸರ್ಪಸುತ್ತಿಗೆ ಯುರೋಪಿನಲ್ಲಿ ಕೊಡುವ ಬ್ರಿವುಡಿನ್ ಅವರ ಜರಡಿಯಲ್ಲಿ ಉಳಿದದ್ದು. ಇನ್ನೊಂದು ಔಷಧವಂತೂ ಕಸದಲ್ಲಿ ಸಿಕ್ಕ ಮಾಣಿಕ್ಯ. ಒಂದು ರಾಸಾಯನಿಕ ಎಚ್‌ಐವಿಯನ್ನು ತಡೆಯುತ್ತಿತ್ತು, ಶುದ್ಧಗೊಳಿಸಿದರೆ ತಡೆಯುತ್ತಿರಲಿಲ್ಲ. ನಿಜವಾದ ಕೆಲಸಗಾರ ಅದರೊಳಗೆ ಚಿಟಿಕೆಯಷ್ಟಿದ್ದ ಬೆರಕೆ! ಅದರ ಜಾಡು ಹಿಡಿದು ಮಾಡಿದ ಔಷಧ ಪ್ಲೆರಿಕ್ಸಫೋರ್. ಎಚ್‌ಐವಿ ಔಷಧವಾಗಿ ಅದು ಸೋತಿತು, ಆದರೆ ತೆಗೆದುಕೊಂಡವರ ರಕ್ತದಲ್ಲಿ ಬಿಳಿ ಕಣಗಳು ಏರುತ್ತಿದ್ದುದನ್ನು ಯಾರೋ ಗಮನಿಸಿದರು. ಅಸ್ಥಿಮಜ್ಜೆಯಲ್ಲಿ ಅಡಗಿ ಕುಳಿತ ಆಕರಕೋಶಗಳನ್ನು ಅದು ರಕ್ತಕ್ಕೆ ಎಬ್ಬಿಸಿ ತರುತ್ತಿತ್ತು. 2008ರಿಂದ ಕ್ಯಾನ್ಸರ್ ರೋಗಿಗಳ ಆಕರಕೋಶ ಕಸಿಗೆ ಅದು ನೆರವಾಗುತ್ತಿದೆ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ಕೇಂದ್ರ ಸರ್ಕಾರ 2004ರ ಏಪ್ರಿಲ್ 1ರಿಂದ ಎಚ್‌ಐವಿ ಔಷಧವನ್ನು ಉಚಿತವಾಗಿ ಕೊಡತೊಡಗಿತು, ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಕೊಡುತ್ತಿದ್ದ ಔಷಧಗಳಲ್ಲಿ ಸ್ಟಾವುಡಿನ್ ಒಂದು. ನಮ್ಮ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದವರೊಬ್ಬರು ಅದನ್ನು ನುಂಗುತ್ತಿದ್ದರು. ಜೀವ ಉಳಿಯಿತು. ಆದರೆ ಒಂದೆರಡು ವರ್ಷದಲ್ಲಿ ಕೆನ್ನೆಗಳು ಒಳಕ್ಕೆ ಕುಸಿದವು, ಅಂಗಾಲು ಉರಿಯೆಂದು ಊಟದ ಬಿಡುವಿನಲ್ಲಿ ನಲ್ಲಿಯ ಕೆಳಗೆ ಕಾಲು ಚಾಚಿ ಕೂರುತ್ತಿದ್ದರು. ಮುಚ್ಚಿಟ್ಟ ಕಾಯಿಲೆಯನ್ನು ಕೆನ್ನೆಯೇ ಬಯಲು ಮಾಡಿತು, ಅವರ ಚಹಾದ ಲೋಟ ಬೇರೆಯಾಯಿತು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಕೆಲವು ವರ್ಷಗಳ ನಂತರ, ಎಚ್‌ಐವಿ ಔಷಧ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದವರು ಅವರ ಔಷಧ ಬದಲಿಸಿ ಟೆನೊಫೊವಿರ್ ಇರುವ ಗುಳಿಗೆ ಕೊಟ್ಟರು, ದಿನಕ್ಕೆ ಒಂದೇ. ಕೆನ್ನೆ ಮೊದಲಿನಂತೆ ತುಂಬಲಿಲ್ಲ, ಉರಿ ಮಾತ್ರ ತಗ್ಗಿತು.

ಆ ಗುಳಿಗೆ ಸರ್ಕಾರಕ್ಕೆ ಕೈಗೆಟುಕಿದ್ದರ ಹಿಂದೆಯೂ ಜನರಿದ್ದಾರೆ. ಗಿಲಿಯಡ್ 2006ರಲ್ಲಿ ಭಾರತದ ಹಲವು ತಯಾರಕರಿಗೆ ಪರವಾನಗಿ ಕೊಟ್ಟಿತ್ತು. ಆದರೆ ಇಲ್ಲಿ ಟೆನೊಫೊವಿರ್‌ಗೆ ಪೇಟೆಂಟ್ ಕೊಡಬಾರದೆಂದು ಸಿಪ್ಲಾ ಕಂಪನಿಯಷ್ಟೇ ಅಲ್ಲ, ಎಚ್‌ಐವಿಯೊಂದಿಗೆ ಬದುಕುವವರ ಸಂಘಟನೆಯೂ ತಕರಾರು ಹೂಡಿತ್ತು. 2009ರಲ್ಲಿ ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. ಇವತ್ತು ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ 'ಟಿಎಲ್‌ಡಿ' ಎಂದು ಕೊಡುವ ಗುಳಿಗೆಯ ಮೊದಲ ಅಕ್ಷರ ಟೆನೊಫೊವಿರ್‌ನದು, 300 ಮಿಲಿಗ್ರಾಂ.

ಇನ್ನು ರಸಪ್ರಶ್ನೆ. "ಟೆನೊಫೊವಿರ್ ಕಂಡುಹಿಡಿದವರು ಯಾರು?" ಎಂದು ಕೇಳಬೇಡಿ ಮೇಷ್ಟ್ರೇ, ಮಕ್ಕಳಿಗೆ ಅನ್ಯಾಯವಾಗುತ್ತದೆ. ತಾರೀಖು ಕೇಳಬೇಕೆಂದರೆ ಒಂದಿದೆ. ಎಚ್‌ಐವಿ ಬಾರದಂತೆ ಮುಂಜಾಗ್ರತೆಯಾಗಿ ಆರೋಗ್ಯವಂತರೂ ನುಂಗಬಹುದೆಂದು ಟೆನೊಫೊವಿರ್ ಇರುವ ಗುಳಿಗೆಯೊಂದಕ್ಕೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2012ರ ಜುಲೈ 16ರಂದು. ಆಂಟೊನಿನ್ ಹೋಲಿ ಪ್ರಾಗ್‌ನಲ್ಲಿ ತೀರಿಕೊಂಡದ್ದೂ ಅದೇ ದಿನ.

ತಿದ್ದುಪಡಿ ಇದೇ ಸಂಚಿಕೆಯ 4ನೆಯ ಪುಟದಲ್ಲಿದೆ. ಹೋಲಿ, ಡೆ ಕ್ಲೆರ್ಕ್, ಮಾರ್ಟಿನ್, ಮೂರೂ ಹೆಸರು ಹಾಕಿದ್ದೇನೆ. ಒಂದು ಸಾಲಿನಲ್ಲಿ ಹಿಡಿಸುತ್ತಿಲ್ಲ, ಒಂದನ್ನು ತೆಗೆಯಲೇ ಎಂದು ಪುಟ ಕಟ್ಟುವ ಹುಡುಗ ಕೇಳಿದ. ಕೆಳಗಿನ ಜಾಹೀರಾತನ್ನು ಒಂದು ಸಾಲು ತಗ್ಗಿಸು ಎಂದೆ.

ನಿಮ್ಮ,
ಸಂಪಾದಕ