ಗುಡಾರದ ಕಥೆಗಿಂತ ಯಾತ್ರಿಕಳ ಸಾಕ್ಷ್ಯ ಮೇಲು

ಮಾನ್ಯರೇ,

‘ಬಂದವರು, ಹೋದವರು’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ‘ಮಡಚು’ ಎಂಬರ್ಥದ ಲ್ಯಾಟಿನ್ನಿನ ‘ಪ್ಲಿಕಾರೆ’ ಸ್ಪ್ಯಾನಿಷಿನಲ್ಲಿ ‘ಯೆಗಾರ್’ ಆಗಿ ‘ಬಂದು ತಲುಪು’ ಎಂದೂ, ರುಮೇನಿಯನ್ನಿನಲ್ಲಿ ‘ಪ್ಲೆಕಾ’ ಆಗಿ ‘ಹೊರಟುಹೋಗು’ ಎಂದೂ ಅರ್ಥ ಕೊಡುವುದು ಯಾರನ್ನಾದರೂ ಹಿಡಿದು ಕೂರಿಸುವ ವಿಷಯವೇ. ಆದರೆ ಲೇಖನವನ್ನು ಈ ರೂಪದಲ್ಲಿ ಪ್ರಕಟಿಸಲಾರೆ.

ನಾವಿಕರು ದಡ ಸೇರಿದಾಗ ಹಾಯಿ ಮಡಚುತ್ತಿದ್ದರು, ಡೇಸಿಯಾದ (ಇಂದಿನ ರುಮೇನಿಯಾ ಪ್ರದೇಶದ) ರೋಮನ್ ಸೈನಿಕರು ಹೊರಡುವಾಗ ಗುಡಾರ ಮಡಚುತ್ತಿದ್ದರು, ಹೀಗಾಗಿ ಅರ್ಥ ಇಬ್ಭಾಗವಾಯಿತು ಎಂದು ನೀವು ಕಣ್ಣಾರೆ ಕಂಡವರಂತೆ ಬರೆದಿದ್ದೀರಿ. ಇದು ಚೆಂದದ ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ. ಹಡಗನ್ನು ದಡಕ್ಕೆ ತಾಗಿಸುವುದಕ್ಕೆ ಲ್ಯಾಟಿನ್ನಿನಲ್ಲಿ ‘ಅಪ್ಲಿಕಾರೆ’ ಎಂಬ ಮಾತೇ ಇತ್ತು. ತಲುಪುವ ಅರ್ಥಕ್ಕೆ ಹಾಯಿಯ ಹಂಗು ಬೇಕಿಲ್ಲ. 4ನೆಯ ಶತಮಾನದ ಕೊನೆಗೆ ಕ್ರೈಸ್ತರ ಪವಿತ್ರ ನಾಡಾದ ಜೆರುಸಲೇಮಿನ ಕಡೆಗೆ ಯಾತ್ರೆ ಹೋದ ಎಗೇರಿಯಾ ಎಂಬ ಮಹಿಳೆ, ನೆಲದ ಮೇಲಿನ ಪಯಣವನ್ನು ಹೇಳುವಾಗಲೂ ‘ಪ್ಲಿಕಾರೆ’ಯನ್ನು ‘ಹತ್ತಿರ ಹೋಗು’ ಎಂಬರ್ಥದಲ್ಲಿ ಬಳಸಿದ್ದಾಳೆ. ಅವಳ ಬರಹದ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಟ್ಸೊದಲ್ಲಿ ಸಿಕ್ಕಿತು. ಇಂಥ ಸಾಕ್ಷ್ಯವನ್ನು ಅಡಿಟಿಪ್ಪಣಿಗೆ ತಳ್ಳಿ, ಗುಡಾರಕ್ಕೆ ಒಂದಿಡೀ ಪುಟ ಕೊಟ್ಟಿದ್ದೀರಿ.

‘ಪ್ಲಿಕಾರೆ’ ‘ಯೆಗಾರ್’ ಆದದ್ದು ಹೇಗೆಂಬುದಕ್ಕೆ ಒಂದು ಸಾಲೂ ಇಲ್ಲ. ಮಳೆ ಎಂಬರ್ಥದ ಲ್ಯಾಟಿನ್ನಿನ ‘ಪ್ಲುವಿಯಾ’ ಸ್ಪ್ಯಾನಿಷಿನಲ್ಲಿ ‘ಯುವಿಯಾ’, ಪೋರ್ಚುಗೀಸಿನಲ್ಲಿ ‘ಶುವಾ’ ಆದ ಹಾದಿಯಲ್ಲೇ ಈ ಕ್ರಿಯಾಪದವೂ ‘ಯೆಗಾರ್’, ‘ಶೆಗಾರ್’ ಆಯಿತು. ಆದರೆ ರುಮೇನಿಯನ್ ‘ಪ್ಲ’ವನ್ನು ಹಾಗೆಯೇ ಉಳಿಸಿಕೊಂಡಿತು. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನೂ ‘ಪುಲಿ’ ‘ಹುಲಿ’ ಆದದ್ದನ್ನೂ ಬಲ್ಲ ನಮ್ಮ ಓದುಗರಿಗೆ ಇದನ್ನು ನಾಲ್ಕು ವಾಕ್ಯಗಳಲ್ಲಿ ತಿಳಿಸಬಹುದಿತ್ತು. ಅದರ ಬದಲು, ಹೊರಡುವಾಗ ನಾವು ‘ಬರ್ತೀನಿ’ ಎನ್ನುವುದನ್ನು ತಂದು ಜೋಡಿಸಿದ್ದೀರಿ. ಅಲ್ಲಿ ‘ಬರು’ವಿನ ಅರ್ಥವೇನೂ ಬದಲಾಗಿಲ್ಲ, ‘ಹೋಗುತ್ತೇನೆ’ ಎಂದರೆ ಅಶುಭವೆಂಬ ಅಳುಕು ಅಷ್ಟೇ. ಆ ಭಾಗವನ್ನು ತೆಗೆದುಬಿಡಿ. (ನನಗೂ ಅದು ಇಷ್ಟವಾಗಿತ್ತು, ಆದರೂ ತೆಗೆಯಿರಿ.)

ನಿಮ್ಮ ಕಣ್ಣಿಗೆ ಬೀಳದ ಒಂದು ಕೊಂಡಿ ಸ್ಪೇನಿನ ಈಶಾನ್ಯ ಭಾಗದ ಕೆಟಲನ್ ಭಾಷೆಯಲ್ಲಿದೆ. ಅಲ್ಲಿನ ‘ಪ್ಲೆಗಾರ್’ ಇಂದಿಗೂ ‘ಮಡಚು’ ಎಂದೇ ಅರ್ಥ ಕೊಡುತ್ತದೆ, ಜೊತೆಗೆ ದಿನದ ಕೆಲಸ ಮುಗಿಸಿ ಏಳುವುದನ್ನೂ ಹೇಳುತ್ತದೆ. ಮಡಚುವುದು ಹೊರಡುವುದರ ಕಡೆಗೆ ವಾಲಬಲ್ಲದು ಎಂಬುದು ಇಲ್ಲಿ ಗುಡಾರದ ನೆರವಿಲ್ಲದೆಯೇ ಕಾಣುತ್ತದೆ. ಲೇಖನವನ್ನು ಇಲ್ಲಿಂದ ಆರಂಭಿಸಿ, ಅರ್ಧಕ್ಕೆ ಇಳಿಸಿ ಕಳುಹಿಸಿದರೆ ಮತ್ತೊಮ್ಮೆ ಓದುತ್ತೇನೆ. ಹಾಯಿ, ಗುಡಾರಗಳ ಕಥೆ ಇರಲಿ, ‘ಎಂದು ಕೆಲವರು ಊಹಿಸುತ್ತಾರೆ’ ಎಂಬ ಮಾತಿನೊಂದಿಗೆ.

ಇತಿ,
ಸಂಪಾದಕ